ಬೀಗ ಬೀಳದ ಪರದೆ

ಹುಬ್ಬಳ್ಳಿಯ ಒಂದು ಅಂಗಡಿಯ ಮೇಜಿನ ಮೇಲೆ, ಬೇರೆ ಬೇರೆ ಡಬ್ಬಿಗಳಿಂದ ಬಂದ ಭಾಗಗಳನ್ನು ಕೂಡಿಸಿ ನನ್ನನ್ನು ಮಾಡಿದರು. ನಾನೊಂದು ಕಂಪ್ಯೂಟರು, ಅದೂ ಪುಕ್ಕಲು ಜಾತಿಯದು. ಮೊದಲ ಸಲ ಮೈಯಲ್ಲಿ ಕರೆಂಟು ಹರಿದಾಗಲೇ ನನ್ನ ಫ್ಯಾನು ಗಡಗಡ ನಡುಗಿತ್ತು. ಅಂಗಡಿಯವನು ಒಂದು ಪೆಟ್ಟು ಕೊಟ್ಟು ಸುಮ್ಮನಾಗಿಸಿದ.

ಅಲ್ಲಿಂದ ಗದಗಿನ ಒಂದು ಎದೆರೋಗದ ಆಸ್ಪತ್ರೆಗೆ ಬಂದೆ. ರೋಗಿಗಳ ವಿವರ ಬರೆದುಕೊಳ್ಳುವ ದಾನಮ್ಮ ನನ್ನ ಒಡತಿ. ಅವಳ ಕೈ ಮೃದು, ಬಾಯಿ ಸ್ವಲ್ಪ ಜೋರು. ನನ್ನನ್ನು ಕೂರಿಸಿದ ಜಾಗವೇ ನನಗೆ ಪ್ರಾಣಸಂಕಟ. ನನ್ನ ಪರದೆ ಪಕ್ಕದ ಬೆಂಚಿಗೆ ನೇರವಾಗಿ ಕಾಣುತ್ತಿತ್ತು. ಸರದಿಗಾಗಿ ಕಾಯುವವರಿಗೆ ಬೇರೆ ಕೆಲಸವೇನು, ಕತ್ತು ಉದ್ದ ಮಾಡಿ ನನ್ನ ಮುಖ ಓದುತ್ತಿದ್ದರು.

ಒಂದು ದಿನ ನೀಲಗಂಗಾ ಎಂಬ ಹುಡುಗಿ ಬಂದಳು. ಅವಳಿಗೆ ಕ್ಷಯ. ಔಷಧಿ ತಪ್ಪಿಸದಿದ್ದರೆ ವಾಸಿಯಾಗುವಂಥದ್ದೇ, ಆದರೆ ಅವಳ ಮದುವೆ ಗೊತ್ತಾಗಿತ್ತು.

“ಅಕ್ಕಾರ, ನನ್ನ ಹೆಸರು ಹೊರಗ ಬೀಳಬಾರದ್ರಿ. ಗೊತ್ತಾತಂದ್ರ ಲಗ್ನ ಮುರದ ಬೀಳತೈತಿ.”

“ನನ್ನ ಮ್ಯಾಲೆ ಬಿಡವಾ,” ಎಂದಳು ದಾನಮ್ಮ. ಹೆಸರು ಇದ್ದದ್ದು ಮಾತ್ರ ನನ್ನ ಮೇಲೆ.

ಅದೇ ವಾರ ಆಸ್ಪತ್ರೆಗೆ ಹೊಸ ನಿಯಮ ಬಂತು. ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಪ್ರತಿ ಪರದೆಗೂ ತಾನಾಗಿ ಬೀಗ ಬೀಳಬೇಕು. ಇಂಥ ಅಪ್ಪಣೆಗಳು ಮಹಡಿಯ ಮೇಲೆ ಕೂತು ನಮ್ಮೆಲ್ಲರನ್ನೂ ಆಳುವ ಸರ್ವರ್‌ ಎಂಬ ದೊಡ್ಡ ಯಂತ್ರದಿಂದ ತಂತಿಯ ಮೂಲಕ ಬರುತ್ತವೆ. ಲ್ಯಾಬಿನ ಕಂಪ್ಯೂಟರು ಪಾಲಿಸಿತು, ಔಷಧಿ ಕೋಣೆಯದೂ ಪಾಲಿಸಿತು. ನಾನು ಕೇಳಲು ಹೋದರೆ ಸರ್ವರ್ ಗುರುತೇ ಇಲ್ಲದಂತೆ ಹೊರಗಟ್ಟುತ್ತಿತ್ತು. ದಾನಮ್ಮ ಎದ್ದುಹೋದಾಗಲೆಲ್ಲ ನಾನು ಊರಿನ ಗುಟ್ಟುಗಳನ್ನೆಲ್ಲ ಮುಖದ ಮೇಲೆ ಹೊತ್ತು ಹೆದರಿ ಕೂತಿರುತ್ತಿದ್ದೆ.

ಕಂಪ್ಯೂಟರ್ ರಿಪೇರಿಯ ದಸ್ತಗೀರ್ ಬಂದ. ಅಪ್ಪಣೆಯನ್ನು ಮತ್ತೆ ಕಳಿಸಿದ, ನನ್ನನ್ನು ಆರಿಸಿ ಹಚ್ಚಿದ, ತಂತಿ ಬದಲಿಸಿದ. ಏನೂ ಆಗಲಿಲ್ಲ. ತಲೆ ಕೆರೆದುಕೊಳ್ಳುತ್ತ ಚಹಾಕ್ಕೆ ಹೋದ. ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಕೆಮ್ಮುತ್ತ ದಾನಮ್ಮನನ್ನು ಮಾತಿಗೆಳೆದಳು.

“ಲಗೂನ ಆರಾಮಾಗಬೇಕ್ರಿ. ಮಗನ ಲಗ್ನ ಐತಿ. ಹುಡುಗಿ ಹೆಸರು ನೀಲಗಂಗಾ ಅಂತ.”

ದಾನಮ್ಮ ಏನಾದರೂ ಹೇಳುವ ಮೊದಲೇ ಡಾಕ್ಟರು ಒಳಗಿನಿಂದ ಕರೆದರು. ಅವಳು ಗಡಬಡಿಸಿ ಎದ್ದು ಹೋದಳು. ನನ್ನ ಮೇಲೆ ತೆರೆದಿದ್ದದ್ದು ನೀಲಗಂಗಾಳ ಪುಟವೇ. ಆ ಹೆಂಗಸು ನನ್ನ ಕಡೆ ತಿರುಗಿದಳು. ಕಣ್ಣು ಕಿರಿದು ಮಾಡಿದಳು. ಚೀಲದಲ್ಲಿ ಕೈಯಾಡಿಸಿ ಕನ್ನಡಕ ಹುಡುಕತೊಡಗಿದಳು. ನನ್ನ ಜೀವ ಬಾಯಿಗೆ ಬಂತು. ಕರೆಂಟಾದರೂ ಹೋಗಬಾರದೇ ಎಂದುಕೊಂಡೆ.

ಅರ್ಧ ದಾರಿಯಿಂದ ಓಡಿಬಂದ ದಾನಮ್ಮ ಸೆರಗನ್ನೇ ನನ್ನ ಮೇಲೆ ಹರಡಿದಳು.

“ಧೂಳ ಭಾಳ ಆಗೈತ್ರಿ,” ಎಂದು ಒರೆಸತೊಡಗಿದಳು.

ದಸ್ತಗೀರ್ ವಾಪಸು ಬಂದವನು ತನ್ನ ಕೈಗಡಿಯಾರ ನೋಡಿದ, ನನ್ನನ್ನು ನೋಡಿದ.

“ಇದರ ಟೈಮ್ ಹತ್ತ ನಿಮಿಷ ಮುಂದ ಯಾಕೈತ್ರಿ?”

“ನಾನಾ ಇಟ್ಟೀನಿ. ಮನ್ಯಾಗಿನ ಗಡಿಯಾರನೂ ಹಂಗಾ ಐತಿ. ಬಸ್ ತಪ್ಪಬಾರದಲ್ಲ.”

“ಟೈಮ್ ಹೊಂದಲಿಲ್ಲಂದ್ರ ಸರ್ವರ್ ನಂಬೂದಿಲ್ಲ ಅಕ್ಕಾರ. ಯಾರೋ ಕಳ್ಳ ಬಂದಾನಂತ ತಿಳೀತೈತಿ.”

ಅವನು ಸಮಯ ಸರಿಮಾಡಿದ. ಸರ್ವರ್ ನನ್ನನ್ನು ಒಳಗೆ ಬಿಟ್ಟುಕೊಂಡಿತು, ಅಪ್ಪಣೆಯೂ ಬಂತು. ನಿಮಿಷ ಕಳೆದದ್ದೇ ಮುಖಕ್ಕೆ ಕತ್ತಲು ಕವಿಯಿತು. ಅಂಥ ಹಿತವನ್ನು ನಾನು ಕಂಡಿರಲಿಲ್ಲ. ನೀಲಗಂಗಾ ಔಷಧಿ ಮುಗಿಸಿದಳು, ಆ ಹೆಂಗಸಿನ ಮನೆಗೇ ಸೊಸೆಯಾಗಿ ಹೋದಳು.

ಈಗ ನಾನು ಮುದಿಯಾಗಿದ್ದೇನೆ. ಆಸ್ಪತ್ರೆಗೆ ಹೊಸ ಯಂತ್ರಗಳು ಬಂದವು, ನನ್ನನ್ನು ಗುಜರಿಗೆ ಹಾಕಿದರು. ಸಾಗಿಸುವ ಗಡಿಬಿಡಿಯಲ್ಲಿ ನನ್ನೊಳಗಿನದನ್ನು ಅಳಿಸಲು ಯಾರಿಗೂ ನೆನಪಾಗಲಿಲ್ಲ. ಬೀಗ ಬಿದ್ದದ್ದು ಪರದೆಗೆ ಮಾತ್ರ, ಎಲ್ಲರ ವಿವರ ಉಳಿದಿರುವ ಒಳಗಿನ ಡಿಸ್ಕಿಗೆ ಅಲ್ಲ ಎಂಬುದು ನನಗೆ ಇಷ್ಟು ತಡವಾಗಿ ತಿಳಿದಿದೆ.

ಗುಜರಿಯವನು ಸ್ಕ್ರೂ ಬಿಚ್ಚಿದ್ದಾನೆ. “ಒಳಗ ಏನೈತಿ ನೋಡೂಣು,” ಎನ್ನುತ್ತ ನನ್ನ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದಾನೆ. ನೀಲಗಂಗಾಳ ಗಂಡನ ಮನೆ ಇದೇ ಓಣಿಯಲ್ಲಿದೆ.