ಕಣ್ಣಿನ ಹಲ್ಲು

"ನೋವಿಲ್ಲ ಕಣ್ರಿ ಸಾ, ನಿಂತೋಯ್ತು. ನಾ ಓಯ್ತೀನಿ," ಎಂದು ಪುಟ್ಟಗೌರಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

ವಾರವೆಲ್ಲ ಲವಂಗ ಕಚ್ಚಿಕೊಂಡು ಗೋಡೆಗೆ ತಲೆ ಆನಿಸಿ ಕೂತಿದ್ದವಳು. ಇವತ್ತು ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ ನೋವು ಮಾಯ! ಮಾದಪ್ಪ ಹರಕೆ ಕೇಳಿಸಿಕೊಂಡ ಎಂದು ನಡುದಾರಿಯಲ್ಲೇ ಇಳಿಯಹೊರಟಿದ್ದಳು. ಪಕ್ಕದ ಮನೆಯ ರಂಗಮ್ಮ ಸೆರಗು ಹಿಡಿದು ಕೂರಿಸಿದ್ದಳು.

"ಕುಂತ್ಕಮ್ಮಿ! ಕೆನ್ನೆ ನೋಡು, ಕಡುಬಿನಂಗದೆ," ರಂಗಮ್ಮ ಈಗಲೂ ಗದರಿದಳು.

ಸಂತೆಯ ದಿನ ಮೈಸೂರಿನಿಂದ ಬರುವ ಹಲ್ಲಿನ ಡಾಕ್ಟರು, ಸೋಡಾ ಅಂಗಡಿಯಿಂದ ತರಿಸಿದ ಐಸಿನ ಚೂರನ್ನು ಪುಟ್ಟಗೌರಮ್ಮನ ಒಂದು ಒಳ್ಳೆಯ ಹಲ್ಲಿಗೆ ಮುಟ್ಟಿಸಿದರು. "ಅಯ್ಯೋ" ಎಂದಳು. ಬಲಗಡೆಯ ಮೇಲಿನ ಕೋರೆಹಲ್ಲಿಗೆ ಮುಟ್ಟಿಸಿದರು. ತಣ್ಣಗೆಂದೂ ಅನ್ನಿಸಲಿಲ್ಲ. ಅದನ್ನೇ ಮೆಲ್ಲಗೆ ತಟ್ಟಿದಾಗ ಮಾತ್ರ ಕಾಲು ಸೆಟೆದುಕೊಂಡವು.

"ವಾಸಿಯಾಗಿ ನೋವು ನಿಂತದ್ದಲ್ಲಮ್ಮ. ಹಲ್ಲಿನೊಳಗಿನ ನರ ಸತ್ತಿದೆ. ಬೇರಿನ ತುದೀಲಿ ಕೀವು ಕಟ್ಟಿದೆ."

"ಕೀಳಬ್ಯಾಡಿ ಸಾ!"

"ಕೀಳಲ್ಲ. ಗಟ್ಟಿ ಹಲ್ಲು, ಉಳಿಸಬಹುದು. ತೂತು ಮಾಡಿ, ಕೊಳೆತ ನರ ತೆಗೆದು, ಬೇರಿನ ಒಳಗೆಲ್ಲ ತೊಳೀತೀನಿ. ಇನ್ನೊಂದೆರಡು ಸಲ ಬಂದು ಔಷಧಿ ಇಡಿಸ್ಕೊಳ್ಳಿ. ಕೊನೆಗೆ ಮುಚ್ತೀನಿ."

ಸಮಾಧಾನಕ್ಕೆಂದು ಆಡಿದ ಮಾತು ಅವಳ ಎದೆಗೆ ಕೊಳ್ಳಿಯಿಟ್ಟಿತು. ಕೋರೆಹಲ್ಲಿನ ನರ ನೇರ ಕಣ್ಣಿಗೇ ಹೋಗುತ್ತದೆ, ಹಲ್ಲು ಕಿತ್ತರೆ ಕಣ್ಣೂ ಹೋಗುತ್ತದೆ ಎಂದು ಅವಳ ಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೀಳುವವರಾದರೂ ಹಲ್ಲಿಗೆ ಕೈ ಹಾಕುತ್ತಾರೆ. ಇವರು ನರಕ್ಕೇ ಹಾಕುತ್ತಾರಂತಲ್ಲ!

"ಅದು ಕಣ್ಣಿನ್ ನರ ಸಾ."

"ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲಮ್ಮ."

"ನಿಮ್ಗೆ ಎರಡವೆ, ಯೋಳ್ತೀರಿ." ಅವರ ಮಣಿಕಟ್ಟು ಹಿಡಿದು ಬೆರಳನ್ನು ತನ್ನ ಎಡಗಣ್ಣಿನ ಹತ್ತಿರಕ್ಕೆ ತಂದಳು. ಸಿಡುಬು ತಿಂದ ಕಣ್ಣು, ಮಿಟುಕಲಿಲ್ಲ. "ಇದು ಚಿಕ್ಕಂದ್ನಲ್ಲೇ ಓಯ್ತು. ಕುದಿಯೋ ನೀರ್ನಲ್ಲಿ ಗೂಡಿಂದ ರೇಸ್ಮೆ ಎಳೆ ಉಡುಕ್ತೀನಲ್ಲ, ಅದು ಇನ್ನೊಂದ್ ಕಣ್ಣಲ್ಲಿ. ಅದೂ ಓದ್ರೆ ಒಟ್ಟೆಗೇನ್ ಮಾಡ್ಲಿ?"

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಇಷ್ಟು ಹೊತ್ತೂ ಅವರು ಬಾಯಿ ನೋಡಿದ್ದರೇ ಹೊರತು ಮುಖ ನೋಡಿರಲಿಲ್ಲ. ಈಗ ಅವಳ ಗಲ್ಲ ಹಿಡಿದು ಕಿಟಕಿಯತ್ತ ತಿರುಗಿಸಿದರು. ಬಾವು ಬಲಗಣ್ಣಿನ ಕೆಳಗಿನವರೆಗೂ ಏರಿತ್ತು.

"ಬೆಳಿಗ್ಗೆ ಈ ಕಣ್ಣು ಬಿಡೋಕೆ ಕಷ್ಟವಾಯ್ತಾ?"

ಪುಟ್ಟಗೌರಮ್ಮ ಸೆರಗಿನಿಂದ ಆ ಕಣ್ಣೊರೆಸಿಕೊಂಡಳು.

"ಅಂಟ್ಕಂಡಿತ್ತು ಸಾ. ನಾನೇ ಬಿಸ್ನೀರಾಕಿ ಬುಡಿಸ್ದೆ," ಎಂದಳು ರಂಗಮ್ಮ.

"ಕೀವು ಹಾಗೇ ಬಿಟ್ರೆ ಮೇಲಕ್ಕೆ ಹತ್ತುತ್ತಮ್ಮ. ನನಗೆ ಭಯ ಇರೋದು ಅದಕ್ಕೇ." ಅವರ ದನಿ ತಗ್ಗಿತ್ತು.

ಪುಟ್ಟಗೌರಮ್ಮ ರಂಗಮ್ಮನ ಕೈ ಹುಡುಕಿದಳು. "ಅಕ್ಕ, ಏನಾರ ಆದ್ರೆ?"

"ಆದ್ರೆ ನಾ ನೂಲು ತಗೀತೀನಿ, ನೀ ಕುಂತ್ಕಂಡು ನನ್ ಬಯ್ತಿರು. ಈಗೇನ್ ಕಮ್ಮಿ ಬಯ್ತೀಯಾ?"

ನಗು ಬರಲಿಲ್ಲ. ಬಾಯಿ ತೆರೆದಳು, ಕಣ್ಣು ಮುಚ್ಚಿದಳು.

ಡಾಕ್ಟರು ಹಲ್ಲು ಕೊರೆಯುವ ಯಂತ್ರವನ್ನು ಹೊಲಿಗೆ ಮಿಷನ್ನಿನಂತೆ ಕಾಲಲ್ಲಿ ತುಳಿಯತೊಡಗಿದರು. ಗಾಲಿ ಗಿರಗುಟ್ಟಿತು, ಬುರುಡೆಯೆಲ್ಲ ನಡುಗಿತು. ಒಮ್ಮೆಗೇ ಕೊಳೆತ ವಾಸನೆ. ಕೆನ್ನೆಯ ಬಿಗಿ ಸಡಿಲವಾಯಿತು. ಆಮೇಲೆ ಕೂದಲಿನಂಥ ಸೂಜಿಯೊಂದು ಬೇರಿನೊಳಗೆ ಹತ್ತಿ ಇಳಿಯಿತು. ಅದರ ಹಿಂದೆಯೇ ಅವಳ ಜೀವವೂ ಹತ್ತಿತು: ಈಗ ಮೂಗಿನ ಪಕ್ಕ, ಇನ್ನೇನು ಕಣ್ಣಿನ ಬುಡ...

"ಇವತ್ತಿಗೆ ಆಯ್ತು. ಔಷಧಿ ಅದ್ದಿದ ಹತ್ತಿ ಇಟ್ಟಿದ್ದೀನಿ, ಮುಂದಿನ ಸಂತೆಗೆ ಬನ್ನಿ. ಕಣ್ಣು ಬಿಡೀಮ್ಮ."

ಬಿಡಲಿಲ್ಲ.

"ಬುಡಮ್ಮಿ."

"ತಡಿಯಕ್ಕ."

ರಂಗಮ್ಮನ ಭುಜ ಹಿಡಿದು, ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ತಡವಿ ಇಳಿದಳು. ಸಂತೆಯ ಗದ್ದಲದಲ್ಲಿ ಯಾರೋ, "ಕಣ್ ಕಾಣಲ್ಲ ಅನ್ಸುತ್ತೆ ಪಾಪ, ದಾರಿ ಬುಡ್ಲಾ," ಎಂದರು. ಅವಳ ಬೆರಳು ರಂಗಮ್ಮನ ಭುಜದಲ್ಲಿ ನಾಟಿತು.

ಅಂಗಡಿಗಳ ಚಪ್ಪರದ ನೆರಳು ಮುಗಿದು ಬಿಸಿಲು ಮುಖಕ್ಕೆ ಬಿದ್ದಾಗ ಪುಟ್ಟಗೌರಮ್ಮ ನಿಂತುಬಿಟ್ಟಳು. ಮುಚ್ಚಿದ ಬಲರೆಪ್ಪೆಯ ಒಳಗೆಲ್ಲ ಕೆಂಪು. ಅಂಗೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಕಪ್ಪಾಯಿತು. ತೆಗೆದಳು. ಕೆಂಪು.

ಮತ್ತೆ ಅಡ್ಡ ಹಿಡಿದಳು.