ಹಿಂದೆ ಕೂತವನು

ಮುಂದಿನ ಕಾರಿನ ಕೆಂಪು ದೀಪ ಆರಿತು, ಹತ್ತಿತು, ಕಾರು ಏರಿನ ನಡುವೆ ನಿಂತು ಒಂದು ಗೇಣು ಹಿಂದಕ್ಕೆ ಜಾರಿತು, ಪಾಪ, ಅವನ ಕಥೆ ಮುಗಿಯಿತು, ಇನ್ನು ತನ್ನದು — ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಮುದಿಯಾದ ಕೈ, ಸೂಜಿಗೆ ದಾರ ಪೋಣಿಸುವಾಗ ಒಮ್ಮೆಯೂ ತಡವರಿಸದ ಕೈ ಈ ಗೇರಿನ ಗುಂಡಿಗೆ ತಡಕಾಡುತ್ತಿದೆ, ಪಕ್ಕದಲ್ಲಿ ಲೈಸೆನ್ಸ್ ಪರೀಕ್ಷೆಯ ಇನ್‌ಸ್ಪೆಕ್ಟರು ಆಕಳಿಸುತ್ತ, ಏನ್ ಯಜಮಾನ್ರೇ, ತಲೆ ನರೆತ ಮೇಲೆ ಡ್ರೈವಿಂಗ್ ಯಾಕೆ ನಿಮಗೆ, ಪರದೇಶಕ್ಕೆ ಹೊರಟಿದ್ದೀನಿ ಸರ್, ಹೆಂಡತಿ ಊರಿಗೆ, ಓಹೋ, ಹೆಂಡತಿ ಅಲ್ಲಿಯವರಾ, ಹಾಗಾದ್ರೆ ಓಡಿಸ್ಲೇಬೇಕು ಬಿಡಿ — ಹೆಂಡತಿ ಎಂದ ಕೂಡಲೇ ಕಣ್ಣಿಗೆ ಬಂದದ್ದು ಅಲ್ಲಿಯವಳ ಮುಖವಲ್ಲ, ಮುಖವೇ ಅಲ್ಲ, ಮೊದಲಿನವಳ ಬೆನ್ನು, ನೀಲಿ ಅಂಗಿಯ ಬೆನ್ನು, ನಡುವೆ ಹರಡುತ್ತಿದ್ದ ಬೆವರಿನ ಕಪ್ಪು, ಈಗ ಬೇಡ ದೇವರೇ, ಈಗ ಕ್ಲಚ್ಚು, ಒಂದನೇ ಗೇರು, ಕಾಲು ಮೆತ್ತಗೆ, ಮೊಟ್ಟೆಯ ಮೇಲೆ ಇಟ್ಟ ಹಾಗೆ ಇಡು ಅಪ್ಪ ಎಂದು ಮಗಳು ಬೆಳಬೆಳಿಗ್ಗೆ ಖಾಲಿ ಮೈದಾನದಲ್ಲಿ ಗಂಟಲು ಹರಿದುಕೊಂಡಿದ್ದಾಳೆ, ಎಷ್ಟು ಮೊಟ್ಟೆ ಒಡೆದನೋ. ಇವತ್ತು ತಪ್ಪಿದರೆ ಮತ್ತೆ ಸರದಿ ಬರುವಷ್ಟರಲ್ಲಿ ವಿಮಾನ ಹೋಗಿರುತ್ತದೆ, ಅಲ್ಲಿ ಹಾಲಿಗೂ ಕಾರು, ಔಷಧಿಗೂ ಕಾರು, ಇಲ್ಲಿಯ ಲೈಸೆನ್ಸ್ ಮೊದಲೊಂದು ವರ್ಷ ಅಲ್ಲಿ ನಡೆಯುತ್ತದಂತೆ, ಅಲ್ಲಿಯವಳಿಗೋ ಕಣ್ಣು ಮಬ್ಬಾಗುತ್ತಿದೆ, ಹಳೆಯ ಪದ್ಯಗಳ ಕೈಬರಹ ನೋಡಲೆಂದು ಲೈಬ್ರರಿಗೆ ಬಂದು, ಹಾಳೆ ಹೊಲಿಯುವ ಇವನ ಎದುರು ಕೂತು ಕೂತು ಇವನನ್ನೇ ಒಪ್ಪಿಕೊಂಡವಳು, ನಮ್ಮ ಮಾತನ್ನು ಆ ಪದ್ಯಗಳಿಂದಲೇ ಕಲಿತವಳು, ಮುಂದಿನ ವರುಷ ನನ್ನ ಕಣ್ಣುಗಳು ದಾರಿಯನ್ನು ಕಾಣಲಾರವು, ನೀವೇ ನನ್ನ ಸಾರಥಿಯಾಗಬೇಕು ಎಂದಳು, ಮಗಳು ಬಿದ್ದು ಬಿದ್ದು ನಕ್ಕಳು, ಸಾರಥಿ ಅಂತೆ, ಮೊದಲು ನ್ಯೂಟ್ರಲ್ ಯಾವುದು ಅಂತ ತಿಳ್ಕೋ ಸಾರಥಿ, ಆಮೇಲೆ ನಗು ಎಲ್ಲಿಗೆ ಹೋಯಿತೋ, ತಟ್ಟೆ ಎತ್ತಿಕೊಂಡು ಏಳುತ್ತ, ಅಮ್ಮನಿಗೆ ಬೇಕಾಗಿದ್ದಾಗ ಕಲೀಲಿಲ್ಲ ನೀನು ಎಂದಳು. ಮಾರನೆಯ ಬೆಳಿಗ್ಗೆ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದವಳೂ ಅವಳೇ.

ಬೇಕಾಗಿದ್ದಾಗ — ಬೇಕು ಎಂದು ಅವಳ ಅಮ್ಮ ಯಾವತ್ತು ಕೇಳಿದ್ದಳು, ಒಮ್ಮೆ ಕೇಳಿದ್ದಳು, ನೀವೂ ಸ್ಕೂಟರ್ ಕಲೀರಿ, ನನಗೂ ಹಿಂದೆ ಕೂತು ಪದ್ಯ ಕೇಳೋ ಆಸೆ, ಪದ್ಯ ಹೇಳೋರು ಯಾರು, ನೀವೇ, ಇಷ್ಟು ವರ್ಷ ಕೇಳಿದ್ದೀರಲ್ಲ, ಅಯ್ಯೋ ಮಾರಾಯ್ತಿ, ನನಗೆ ಕೇಳೋದೊಂದೇ ಬರೋದು ಎಂದು ಇವನು ನಕ್ಕ, ಅವಳೂ ನಕ್ಕಳು, ಅಲ್ಲಿಗೆ ಮುಗಿಯಿತು. ತಾನು ಪಾಠ ಮಾಡುವ ಶಾಲೆಗೆ ಹೋಗುವ ದಾರಿಯಲ್ಲಿ ಇವನನ್ನು ತನ್ನ ಸ್ಕೂಟರಿನಲ್ಲಿ ಲೈಬ್ರರಿಯ ಗೇಟಿಗೆ ಇಳಿಸಿ ಹೋಗುವಳು, ಪಾರ್ಸಲ್ ಬಂತಪ್ಪೋ ಎಂದು ಕಾವಲಿನವನು ಕೂಗುವನು, ಕೂಗಲಿ, ಇವನಿಗೇನು, ದಾರಿಯುದ್ದಕ್ಕೂ ಅವಳು ಹೇಳುವ ಪದ್ಯ ಇವನೊಬ್ಬನದೇ, ಅವಳು ತನ್ನ ಅಪ್ಪನ ಬಾಯಿಂದ ಕೇಳಿ ಕಲಿತದ್ದು, ಪುಸ್ತಕವಿಲ್ಲ, ತಡವರಿಕೆಯಿಲ್ಲ, ಗಾಳಿಗೆ ಮಾತು ಹಾರಿಹೋದರೂ ಬೆನ್ನಿಗೆ ಕಿವಿ ಹಚ್ಚಿದರೆ ಸಾಕು, ಕಣ್ಣು ಮುಚ್ಚಿಕೊಂಡರೆ ಯಾವ ರಸ್ತೆ, ಯಾವ ಗುಂಡಿ, ಎಲ್ಲ ಅವಳ ಪಾಲಿಗೆ, ಕೆಂಪು ಬಿದ್ದರೆ ಪದ್ಯವೂ ಸಾಲಿನ ನಡುವೆ ನಿಲ್ಲುವುದು, ಹಸಿರು ಬಿದ್ದರೆ ನಿಂತ ಅಕ್ಷರದಿಂದಲೇ ಹೊರಡುವುದು, ಒಂದು ದಿನವೂ ಎಡವಿದ್ದಿಲ್ಲ, ಒಂದು ದಿನ — ಯಜಮಾನ್ರೇ, ಏರು ಬಂತು, ನಿಲ್ಸಿ, ನಿಂತಿತು, ಹ್ಯಾಂಡ್‌ಬ್ರೇಕ್ ಎಳೆದ, ಈಗ ಹೊರಡಿ, ಕ್ಲಚ್ಚನ್ನು ಎತ್ತುತ್ತ ಎತ್ತುತ್ತ ಕಾರಿನ ಮೂಗು ಕಂಪಿಸಿತು, ಇದೇ, ಈ ನಡುಕವೇ, ಕಾಲಿನಿಂದ ಕೇಳಿಸ್ಕೋ ಅಪ್ಪ ಎಂದಿದ್ದಳು ಮಗಳು, ಕೇಳುವುದಾದರೆ ಬರುತ್ತದೆ ಇವನಿಗೆ, ಬ್ರೇಕು ಬಿಟ್ಟ, ಕಾರು ಕೂದಲೆಳೆಯಷ್ಟೂ ಜಾರದೆ ಏರಿತು, ಏರಿ ಇಳಿಯಿತು, ಬಲಕ್ಕೆ ತಿರುಗಲು ಇಂಡಿಕೇಟರ್ ಬದಲು ವೈಪರ್ ಹಾಕಿದ, ಒಣ ಗಾಜು ಕಿರ್ರೋ ಎಂದಿತು, ಇನ್‌ಸ್ಪೆಕ್ಟರು ನಕ್ಕು, ಮಳೆ ಬಂದ್ರೆ ನೋಡೋಣ, ಸದ್ಯ ಪಾಸ್, ನಡೀರಿ, ಅತ್ತೆ ಮನೆಗೆ ಹೊರಡಿ.

ಪಾಸ್. ಇಷ್ಟೇನಾ. ಇಷ್ಟು ಸುಲಭದ್ದನ್ನಾ ಒಂದು ಜನ್ಮ ಬೇಡ ಎಂದದ್ದು. ಗೇಟಿನ ಹೊರಗೆ ಮಗಳು ಓಡಿ ಬಂದಳು, ಮುಖ ನೋಡಿಯೇ ತಿಳಿದುಕೊಂಡಳು, ಮುಂದಿನ ಬಾಗಿಲಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದು ಹಿಂದಿನ ಬಾಗಿಲು ತೆರೆದು ಕೂತಳು, ಮುಂದೆ ಕೂತ್ರೆ ನನ್ನ ಕೈ ಸುಮ್ನಿರಲ್ಲ, ನೀನೇ ಓಡಿಸು, ಮನೆವರೆಗೂ. ಓಡಿಸಿದ, ಬಸ್ಸು, ಸೈಕಲ್ಲು, ಅಂಗಡಿಯ ಮುಂದೆ ಅಡ್ಡ ನಿಂತ ಗಾಡಿ, ಹಿಂದೆ ಕೂತವಳ ಭಾರ ಬೆನ್ನಿಗೆ ತಿಳಿಯುತ್ತಿತ್ತು, ನಂಬಿ ಕೂತವರ ಭಾರ ಇಷ್ಟಿರುತ್ತದೆ ಎಂದು ಯಾರು ಹೇಳಿದ್ದರು, ಕನ್ನಡಿಯಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಇದ್ದಕ್ಕಿದ್ದಂತೆ, ಅಪ್ಪ, ಅವತ್ತು ಆಸ್ಪತ್ರೆ ದಾರೀಲಿ ಅಮ್ಮ ಏನಾದ್ರೂ ಹೇಳಿದ್ಲಾ. ಇಷ್ಟು ವರ್ಷ ಕೇಳದವಳು, ಅವತ್ತು ಕಾಲೇಜಿನ ಪರೀಕ್ಷೆಗೆಂದು ಬೇರೆ ಊರಲ್ಲಿದ್ದವಳು, ಇವನು ಹೊರಟ ಮೇಲೆ ಕೇಳಲು ಯಾರೂ ಇರುವುದಿಲ್ಲವೆಂದು ಈಗ ಕೇಳುತ್ತಿದ್ದಾಳೆ. ಪದ್ಯ ಹೇಳ್ತಿದ್ಲು. ಎದೆನೋವಲ್ಲೂ? ಹೂಂ. ಪೂರ್ತಿ ಹೇಳಿದ್ಲಾ ಅಪ್ಪ? ಪೂರ್ತಿ — ಮಧ್ಯಾಹ್ನ ಊಟದ ಮುಂದಿನಿಂದ ಎದ್ದು, ಎದೆ ಹಿಡಿದ ಹಾಗಿದೆ, ಬನ್ನಿ, ತೋರಿಸ್ಕೊಂಡು ಬರೋಣ ಎಂದು ಅವಳೇ ಕೀ ತೆಗೆದುಕೊಂಡಳು, ಬೇರೆ ಗಾಡಿ ಕರೆಯಬೇಕೆಂದು ಇವನಿಗೆ ಹೊಳೆಯಲಿಲ್ಲ, ಹೊಳೆಯಲೇ ಇಲ್ಲ, ದಿನದ ಹಾಗೆ ಹಿಂದೆ ಕೂತ, ದಿನದ ಹಾಗೆ ಅವಳು ಶುರು ಮಾಡಿದಳು, ಆಸ್ಪತ್ರೆಯ ಹತ್ತಿರದ ಸಿಗ್ನಲ್ಲಿನಲ್ಲಿ ಕೆಂಪು, ಸಾಲಿನ ನಡುವೆ ಪದ್ಯ ನಿಂತಿತು, ಹಸಿರು ಬಿತ್ತು, ಸ್ಕೂಟರ್ ಹೊರಟಿತು, ಪದ್ಯ ಹೊರಡಲಿಲ್ಲ, ಮರೆತಳು ಎಂದುಕೊಂಡ, ಇವಳೂ ಮರೆಯುತ್ತಾಳೆ, ಅವಳು ಮರೆತದ್ದು ತನಗೆ ಗೊತ್ತಿದೆ ಎಂದು ಹಿಗ್ಗಿ, ಹಿಗ್ಗಿದ, ಹುಡುಗನ ಹಾಗೆ ಮುಂದೆ ಬಾಗಿ ಉಳಿದ ಅರ್ಧ ಸಾಲನ್ನು ಕಿವಿಯಲ್ಲಿ ಹೇಳಿಕೊಟ್ಟ, ತಲೆ ಸ್ವಲ್ಪ ಆಡಿತು, ಭಲೇ ಎಂದಳೆಂದೇ ತಿಳಿದ, ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಯವನು ಓಡಿ ಬಂದು ಇವನ ತೋಳು ಹಿಡಿದ, ಹಿಂದೆ ಕೂತವನೇ ರೋಗಿ ತಾನೇ, ಅವರಲ್ಲಪ್ಪ, ನಾನು ಎಂದಳು ಅವಳು, ಅದೇ ಕಡೆಯ ಮಾತು. ಅಪ್ಪ? ಪೂರ್ತಿ ಹೇಳಿದ್ಲಾ? ಇಲ್ಲಮ್ಮ, ಕೊನೇದು ನಾನು ಹೇಳಿಕೊಟ್ಟೆ — ಎಂದನೋ, ಎನ್ನಬೇಕೆಂದುಕೊಂಡನೋ, ಗಾಜಿನ ಆಚೆ ರಸ್ತೆಯಿಲ್ಲ, ಬೆನ್ನು, ನೀಲಿ ಅಂಗಿಯ ಬೆನ್ನು, ಬೆವರಿನ ಕಪ್ಪು ಹೆಗಲಿನಿಂದ ಹೆಗಲಿಗೆ, ಒಳಗೆ ದನಿಯಿಲ್ಲ, ಸಾಲಿನ ನಡುವೆ ನಿಂತ ಪದ್ಯದ ಹಾಗೆ ಆ ಬೆನ್ನು —