ವ್ಯಾನಿನವನಿಗೂ ಬೇಕಾ ಸರ್ಟಿಫಿಕೇಟು?

ಗುರುವಾರ ಬೆಳಿಗ್ಗೆ ಶಾಲೆಗೆ ಹೋದ ಬನ್ನು ಹೋದ ದಾರಿಯಲ್ಲೇ ವಾಪಸ್ ಬಂತು. ಒಟ್ಟು ಹದಿನೆಂಟು ಟ್ರೇ. ಮಂಗಳವಾರವೇ ಮಕ್ಕಳು "ಏನೋ ಘಾಟು ವಾಸನೆ" ಅಂದಿದ್ದರು. ಬುಧವಾರ ಅರ್ಧಕ್ಕರ್ಧ ಬನ್ನು ಹಾಗೇ ಉಳಿದಿತ್ತು. ಗುರುವಾರ ಇಬ್ಬರು ಮಕ್ಕಳು ಕಚ್ಚಿದ ಕೂಡಲೇ ವಾಂತಿ ಮಾಡಿಕೊಂಡರು. ಪುಣ್ಯಕ್ಕೆ ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸುಧಾರಿಸಿಕೊಂಡರು. ಆದರೆ ಶಾಲೆಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಕಾರಣ ಗೊತ್ತಾಗುವವರೆಗೆ ಈ ಬೇಕರಿಯ ಬನ್ನು ಬೇಡವೇ ಬೇಡ.

ಬೇಕರಿ ಗಾಲಿಯಣ್ಣನ ತಂಗಿಯದು. ಬನ್ನು ಸಾಗಿಸುವ ವ್ಯಾನು ಗಾಲಿಯಣ್ಣನದು. ಐದು ನಿಮಿಷ ಒಂದು ಕಡೆ ಕೂತ ಮನುಷ್ಯನಲ್ಲ, ಅದಕ್ಕೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದು. ಆವತ್ತಂತೂ ಕೇಳಲೇಬೇಡಿ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದ. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮುಗಿಸಿಕೊಂಡು ಮೂರು ಗಂಟೆಗೆ ಮನೆಗೆ ಬಂದ ಹೆಂಡತಿ ಚಪ್ಪಲಿ ಬಿಡುವುದಕ್ಕೂ ಅವನು ದಾರಿ ಕೊಡಲಿಲ್ಲ.

"ಏನ್ರೀ ಇದು, ನೆಲ ಸವೆದುಹೋಗತ್ತೆ. ಒಂದು ಕಡೆ ಕೂತ್ಕೊಳ್ಳಿ."

"ಕೂರೋಕಾಗತ್ತಾ? ತಂಗಿ ಹಿಟ್ಟು ಬದಲಾಯಿಸಿದ್ಳು, ಎಣ್ಣೆ ಬದಲಾಯಿಸಿದ್ಳು, ಆದ್ರೂ ವಾಸನೆ ಹೋಗಲಿಲ್ಲ. ಈಗ ಭಟ್ಟಿ ಮೇಸ್ತ್ರಿ ಮೇಲೆ ಅನುಮಾನ. ಟ್ರೇ ತೊಳೆಯೋನು ಅವನೇ ಅಲ್ವಾ? ಇವತ್ತೇ ಕೊನೆ, ನಾಳೆಯಿಂದ ಬರಬೇಡ ಅಂದುಬಿಟ್ಟಿದ್ದಾಳೆ."

"ಅಯ್ಯೋ! ಹನ್ನೆರಡು ವರ್ಷದಿಂದ ಇರೋರನ್ನ?"

"ಅದೇ ನಂಗೂ ಸಂಕಟ. ಅದು ಸಾಲದು ಅಂತ ಈ ಸರ್ಟಿಫಿಕೇಟಿನೋರು ಬೇರೆ! ಬೇಕರಿಗೆ ಆಹಾರ ಸುರಕ್ಷತೆ ಸರ್ಟಿಫಿಕೇಟ್ ಮಾಡಿಸ್ತಿದ್ದಾಳಲ್ಲ, ಅವರು ನನ್ನ ವ್ಯಾನಿಗೂ ಎರಡು ಪುಟ ಪ್ರಶ್ನೆ ಕಳಿಸಿದಾರೆ. ನೀವೂ ನಿಮ್ಮ ಕೆಲಸಕ್ಕೆ ಸರ್ಟಿಫಿಕೇಟ್ ತಗೋಬಹುದು ಅಂತೆ. ನಾನೇನು ಹಿಟ್ಟು ನಾದ್ತೀನಾ? ಎತ್ತಿ ಇಳಿಸೋನಿಗೆ ಯಾತರ ಸರ್ಟಿಫಿಕೇಟು!"

ಹೆಂಡತಿ ಕೈಕಾಲು ತೊಳೆದು ಬಂದಳು. ಗಂಟೆಗೊಮ್ಮೆ ತಣ್ಣನೆ ಕೋಣೆಗಳ ಉಷ್ಣಾಂಶ ನೋಡಿ ಬರೆದಿಡುವುದು ಅವಳ ಕೆಲಸ. ಹೋದ ವರ್ಷ ಅವಳ ಕಂಪನಿಗೆ ಆ ಸರ್ಟಿಫಿಕೇಟು ಬಂದಾಗ ಅವಳಿಗೂ ತರಬೇತಿ ಕೊಟ್ಟಿದ್ದರು.

"ನಮ್ಮ ಕೋಲ್ಡ್ ಸ್ಟೋರೇಜಲ್ಲಿ ಯಾರಾದ್ರೂ ಅಡುಗೆ ಮಾಡ್ತಾರಾ? ಆದ್ರೂ ತಗೊಂಡ್ವಿ. ಹೊಲದಲ್ಲಿ ಬೆಳೆಯೋರಿಂದ ಹಿಡಿದು ಅಂಗಡೀಲಿ ಮಾರೋರ ತನಕ ಎಲ್ರೂ ತಗೋಬಹುದು ರೀ. ಗಿರಣಿ, ಡೇರಿ, ಹೋಟೆಲು, ಗೋದಾಮು, ಸಾಗಿಸೋ ಗಾಡಿ. ಹಸು ತಿನ್ನೋ ಹಿಂಡಿ ಮಾಡೋರೂ ಆ ಲೆಕ್ಕದಲ್ಲೇ ಬರ್ತಾರೆ."

"ಅವರೆಲ್ಲ ತಿನ್ನೋ ಪದಾರ್ಥ ಮುಟ್ತಾರಪ್ಪ."

"ಮುಟ್ಟದೋರೂ ಇದಾರೆ. ಬ್ರೆಡ್ಡಿನ ಕವರ್ ಮಾಡೋ ಫ್ಯಾಕ್ಟರಿ, ಹಿಟ್ಟು ಕಲಸೋ ಮಷಿನ್ ಮಾಡೋರು, ಆ ಮಷಿನ್ ತೊಳೆಯೋ ಸೋಪು ಮಾಡೋರು, ಜಿರಳೆಗೆ ಔಷಧಿ ಹೊಡೆಯೋಕೆ ಬರೋರು..."

"ಸರಿಹೋಯ್ತು! ಬೀದಿ ನಾಯಿಗೂ ಒಂದು ಮಾಡಿಸ್ಬಿಡು."

"ನಾಯಿ ಬನ್ನು ಸಾಗಿಸಲ್ಲ. ನೀವು ಸಾಗಿಸ್ತೀರಿ. ಎಲ್ಲಿ, ಆ ಪ್ರಶ್ನೆ ಕೊಡಿ ಇಲ್ಲಿ."

ಅವನು ಜೇಬಿನಿಂದ ಮುದುರಿದ ಹಾಳೆ ತೆಗೆದು ಕೊಟ್ಟ. ಅವಳು ಮೊದಲ ಸಾಲನ್ನೇ ಗಟ್ಟಿಯಾಗಿ ಓದಿದಳು: "ಇದೇ ವಾಹನದಲ್ಲಿ ಬೇರೆ ಏನೇನು ಸಾಗಿಸುತ್ತೀರಿ?"

"ಏನು ಸಿಗತ್ತೋ ಅದು. ಖಾಲಿ ಗಾಡಿ ಯಾಕೆ ವಾಪಸ್ ತರಬೇಕು?"

"ಈ ಸೋಮವಾರ ಏನು ತಂದ್ರಿ?"

ಗಾಲಿಯಣ್ಣನ ಮಾತು ಸ್ವಲ್ಪ ತಡವರಿಸಿತು. "ಗೆದ್ದಲು ಔಷಧಿ. ಹತ್ತು ಡಬ್ಬ. ಒಂದು ಡಬ್ಬ ಸ್ವಲ್ಪ ಸೋರಿತ್ತು. ಆದ್ರೆ ಗಾಡಿ ತೊಳೆದಿದ್ದೀನಿ ಕಣೇ, ಎರಡು ಸಲ! ಬೇಕಾದ್ರೆ ಬಂದು ನೋಡು."

ಇಬ್ಬರೂ ಹೊರಗೆ ಹೋದರು. ವ್ಯಾನಿನ ಹಿಂದಿನ ಬಾಗಿಲು ತೆಗೆದರೆ ನೆಲ ಫಳಫಳ ಹೊಳೆಯುತ್ತಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಮೂಲೆಯಲ್ಲಿ ನೀಟಾಗಿ ಮಡಚಿಟ್ಟ ನೀಲಿ ಟಾರ್ಪಾಲು ಇತ್ತು.

"ಇದು ಯಾಕೆ?"

"ಬಿಸಿ ಬನ್ನಿನ ಮೇಲೆ ಧೂಳು ಬೀಳಬಾರದಲ್ಲ, ಟ್ರೇಗಳ ಮೇಲೆ ಹೊದಿಸ್ತೀನಿ. ಬೇರೆ ಯಾವ ವ್ಯಾನಿನೋನು ಇಷ್ಟು ಕಾಳಜಿ ಮಾಡ್ತಾನೆ ಹೇಳು!"

"ಔಷಧಿ ಡಬ್ಬಗಳ ಮೇಲೆ ಏನು ಹೊದಿಸಿದ್ರಿ?"

"ಇದನ್ನೇ..." ಅಂದು ಅವನು ಟಾರ್ಪಾಲಿನ ಕಡೆ ನೋಡಿದ. ಅವಳು ಟಾರ್ಪಾಲಿನ ಒಂದು ಮಡಿಕೆ ಬಿಚ್ಚಿದಳೋ ಇಲ್ಲವೋ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. ದಿನಾ ಅದೇ ಗಾಡಿಯಲ್ಲಿರುವ ಅವನ ಮೂಗಿಗೆ ಆ ವಾಸನೆ ಒಗ್ಗಿಹೋಗಿತ್ತು. ಗಾಲಿಯಣ್ಣ ವ್ಯಾನಿನ ಅಂಚಿನ ಮೇಲೆ ಕುಸಿದು ಕೂತ. "ಮಕ್ಕಳಿಗೆ ಏನಾದ್ರೂ ಆಗಿಬಿಟ್ಟಿದ್ರೆ?" ಅಂದ.

ಆಮೇಲೆ ಮೆಲ್ಲಗೆ ಹೇಳಿದ: "ಇದನ್ನ ಎಲ್ಲಾದ್ರೂ ಬಿಸಾಕಿಬಿಡ್ತೀನಿ. ಹೊಸದು ತರ್ತೀನಿ. ವಾಸನೆ ತಾನಾಗಿ ನಿಲ್ಲತ್ತೆ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗತ್ತೆ. ಮೇಸ್ತ್ರಿ ಹೋದ ಮೇಲೆ ವಾಸನೆ ನಿಂತ್ರೆ, ತಪ್ಪು ಮೇಸ್ತ್ರಿದೇ ಅಂತ ಎಲ್ರಿಗೂ ಗೊತ್ತಾಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆಮೇಲೆ ಆ ಮನುಷ್ಯನಿಗೆ ಯಾವ ಬೇಕರಿಯೋರು ಕೆಲಸ ಕೊಡ್ತಾರೆ?"

ಗಾಲಿಯಣ್ಣ ಎದ್ದ. ಟಾರ್ಪಾಲನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಿ, ಬೇಕರಿಗೆ ಗಾಡಿ ಬಿಟ್ಟ. ದಾರಿಯಲ್ಲಿ ಎರಡು ಸಲ ಗಾಡಿ ತಿರುಗಿಸೋಣ ಅನಿಸಿತು, ತಿರುಗಿಸಲಿಲ್ಲ.

ಬೇಕರಿಯಲ್ಲಿ ಭಟ್ಟಿ ಆರಿತ್ತು. ಮೇಸ್ತ್ರಿ ತನ್ನ ಏಪ್ರನ್ ಮಡಚಿ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ತಂಗಿ ಆ ಕಡೆ ಮುಖ ತಿರುಗಿಸಿ ನಿಂತಿದ್ದಳು.

"ಮೇಸ್ತ್ರಿ, ನಿಲ್ಲಿ!" ಗಾಲಿಯಣ್ಣ ಬಾಗಿಲಲ್ಲೇ ಕೂಗಿದ. "ತಂಗೀ, ತಪ್ಪು ಇವರದಲ್ಲ. ನಂದು." ಚೀಲದ ಬಾಯಿ ಬಿಚ್ಚಿ ತೋರಿಸಿ, ಒಂದೂ ಬಿಡದೆ ಎಲ್ಲ ಹೇಳಿದ.

ತಂಗಿಯ ಕಣ್ಣು ಕೆಂಪಾಯಿತು. "ಅಣ್ಣಾ, ಮಕ್ಕಳು ತಿನ್ನೋದು ಕಣೋ ಅದು! ನಿನ್ನ ಗಾಡಿ ಸರಿಯಾಗೋ ತನಕ ನನ್ನ ಬನ್ನು ಅದಕ್ಕೆ ಏರಲ್ಲ." ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. "ನಿಮ್ಮನ್ನ ಅನುಮಾನಿಸಿದ್ದು ನಂದೇ ತಪ್ಪು. ದಯವಿಟ್ಟು ಹೋಗಬೇಡಿ."

ಮೇಸ್ತ್ರಿ ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟ. ಏಪ್ರನ್ ಎತ್ತಿಕೊಂಡು ಕಟ್ಟಿಕೊಂಡ.

ಗಾಲಿಯಣ್ಣ ಶಾಲೆಗೂ ಹೋಗಿ, ಆದದ್ದನ್ನು ಅವರ ಮುಂದೆಯೂ ಒಪ್ಪಿಕೊಂಡ. ಶಾಲೆಯವರು ಮತ್ತೆ ಬನ್ನು ತರಿಸಿಕೊಂಡರು, ಆದರೆ ಒಂದು ತಿಂಗಳು ಅದು ಬೇರೆ ಗಾಡಿಯಲ್ಲಿ ಹೋಯಿತು. ಅಷ್ಟರಲ್ಲಿ ಅವನು ವ್ಯಾನಿನ ಒಳಗಿನ ಹಲಗೆಯನ್ನೆಲ್ಲ ಬದಲಾಯಿಸಿದ. ಟ್ರೇಗಳಿಗೆ ಮುಚ್ಚಳ ಬಂತು. ಔಷಧಿ, ಬಣ್ಣ, ಸೀಮೆಎಣ್ಣೆ, ಯಾವುದನ್ನೂ ಆ ಗಾಡಿಗೆ ಹತ್ತಿಸುವುದಿಲ್ಲ ಅಂತ ತೀರ್ಮಾನವಾಯಿತು. ಸರ್ಟಿಫಿಕೇಟಿಗೆ ಅರ್ಜಿಯನ್ನೂ ಹಾಕಿದ್ದಾನೆ. ಮುಂದಿನ ವಾರ ತಪಾಸಣೆ, ಹಾಗಾಗಿ ಈಗಲೂ ಕೂತಲ್ಲಿ ಕೂರುವುದಿಲ್ಲ.

ಇವತ್ತು ಬೆಳಿಗ್ಗೆ ಅವನ ವ್ಯಾನು ಮತ್ತೆ ಬೇಕರಿ ಮುಂದೆ ನಿಂತಿತು. ಮೇಸ್ತ್ರಿ ಟ್ರೇ ಎತ್ತುವ ಮೊದಲು ವ್ಯಾನಿನೊಳಗೆ ತಲೆ ಹಾಕಿ, ಮೂಲೆ ಮೂಲೆ ಮೂಸಿ ನೋಡಿದ. ಗಾಲಿಯಣ್ಣ ಪರೀಕ್ಷೆಗೆ ಕೂತವನ ಹಾಗೆ ಬೆವರಿದ.

"ಏರಿಸಿ" ಅಂದ ಮೇಸ್ತ್ರಿ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಬೆಳೆಯುವವರೋ, ಬೇಯಿಸುವವರೋ, ಕವರ್ ಮಾಡುವವರೋ, ಗೋದಾಮಿನವರೋ, ಗಾಡಿಯವರೋ, ಅಂಗಡಿಯವರೋ? ಹಾಗಾದರೆ ಆಹಾರ ಸುರಕ್ಷತೆಯ ಸರ್ಟಿಫಿಕೇಟು ನಿಮ್ಮ ಕೆಲಸಕ್ಕೂ ಇದೆ. ನಿಮಗೆ ಹೊಂದುವಂಥದ್ದು ಯಾವುದು ಅಂತ ಬಲ್ಲವರನ್ನು ಇವತ್ತೇ ಕೇಳಿ. "ನಾನು ಅಡುಗೆ ಮಾಡಲ್ಲವಲ್ಲ" ಅನ್ನಬೇಡಿ. ತಿನ್ನುವ ಮಗುವಿಗೆ ನಿಮ್ಮ ಕೈ ಕಾಣುವುದಿಲ್ಲ, ಆದರೆ ಅದರ ತುತ್ತು ನಿಮ್ಮ ಕೈ ದಾಟಿಯೇ ಬರುತ್ತದೆ.